ಮಳೆಕೋಣೆಯ ಅಕ್ಕ

ಮಳೆಯಲ್ಲಿ ನೆನೆಯಬೇಡ ಎಂದು ಬೈಸಿಕೊಂಡೇ ಬೆಳೆದವರು ನಾವೆಲ್ಲ. ಹಾಗಿರುವಾಗ, ದಿನಾ ಬೆಳಗ್ಗೆ ಒಂಬತ್ತಕ್ಕೆ ಹಾಜರಿ ಹಾಕಿ ಸಂಜೆಯವರೆಗೆ ನೆನೆಯುವುದಕ್ಕೇ ಸಂಬಳ ಪಡೆಯುತ್ತಿದ್ದ ಒಬ್ಬಳನ್ನು ನಾನು ಬಲ್ಲೆ ಎಂದರೆ ಯಾರೂ ನಂಬುವುದಿಲ್ಲ. ಅವಳ ಜೊತೆ ಹದಿನಾಲ್ಕು ವರ್ಷ ಒಂದೇ ಕಾರ್ಖಾನೆಯಲ್ಲಿ ದುಡಿದವಳು ನಾನು. ಅವಳ ತಲೆ ಒರೆಸಲು ನನ್ನ ಟವೆಲ್ ಎಷ್ಟು ಸಲ ಹೋಗಿದೆಯೋ, ಎಷ್ಟು ಸಲ ವಾಪಸ್ ಬಂದಿಲ್ಲವೋ!

ನಮ್ಮದು ಮಳೆಕೋಟು ತಯಾರಿಸುವ ಕಾರ್ಖಾನೆ. ಒಂದು ಬಾಗಿಲಲ್ಲಿ ಬಟ್ಟೆಯ ಸುರುಳಿಗಳು ಒಳಗೆ ಹೋಗುತ್ತವೆ, ಇನ್ನೊಂದು ಬಾಗಿಲಲ್ಲಿ ರಟ್ಟಿನ ಪೆಟ್ಟಿಗೆಗಳು ಹೊರಗೆ ಬರುತ್ತವೆ. ನಡುವೆ ಕತ್ತರಿಸುವವರು, ಹೊಲಿಯುವವರು, ಹೊಲಿಗೆಯ ಮೇಲೆ ಬಿಸಿಗಾಳಿಯ ಯಂತ್ರದಿಂದ ಟೇಪು ಅಂಟಿಸುವವರು, ಗುಂಡಿ ಒತ್ತುವವರು ಎಂದು ಇನ್ನೂರು ಚಿಲ್ಲರೆ ಜನ. ನಾನು ಕೊನೆಯ ಬಾಗಿಲಿನವಳು, ಪ್ಯಾಕಿಂಗಿನವಳು. ಅಕ್ಕ ಶುರುವಿನಲ್ಲಿ ಮೂರನೇ ಸಾಲಿನಲ್ಲಿ ತೋಳು ಜೋಡಿಸುತ್ತಿದ್ದಳು. ಕುಳ್ಳಗೆ, ದುಂಡಗೆ, ನಡೆದರೆ ಓಡಿದಂತೆ, ಮಾತಾಡಿದರೆ ಜಗಳವಾಡಿದಂತೆ. ಆಗಿನ್ನೂ ಅವಳನ್ನು ಯಾರೂ ಅಕ್ಕ ಎನ್ನುತ್ತಿರಲಿಲ್ಲ. ಆ ಹೆಸರು ಬಂದದ್ದು ಒಂದು ಜಗಳದಿಂದ.

ಸಣ್ಣಪುಟ್ಟ ಕಲೆ ಇರುವ ಕೋಟುಗಳನ್ನು ಕಾರ್ಖಾನೆಯವರು ಕೆಲಸಗಾರರಿಗೇ ಅರ್ಧ ಬೆಲೆಗೆ ಕೊಡುತ್ತಿದ್ದರು. ಅವಳೊಂದು ನೀಲಿ ಕೋಟು ಕೊಂಡಳು. ಆ ಸಂಜೆಯೇ ಮಳೆ ಹಿಡಿಯಿತು. ಹೊಸ ಕೋಟು ತೊಟ್ಟು ರಾಣಿಯ ಹಾಗೆ ಗೇಟು ದಾಟಿದವಳು ಮನೆ ಸೇರುವಾಗ ಎರಡೂ ಭುಜ ಒದ್ದೆ. ಮರುದಿನ ಬೆಳಗ್ಗೆ ಮಿಷನ್ ಮುಂದೆ ಕೂರುವ ಬದಲು ಆ ಕೋಟನ್ನು ಹಿಡಿದು ನೇರ ಮ್ಯಾನೇಜರ್ ಕೋಣೆಗೆ ಹೋದಳು.

"ಸಾರ್, ಇದು ಸೋರುತ್ತೆ."

ಮ್ಯಾನೇಜರ್ ಕನ್ನಡಕದ ಮೇಲಿಂದ ನೋಡಿದರು. "ಹಂಗೆಲ್ಲಾ ಆಗಲ್ಲಮ್ಮ. ಅದರ ಬಟ್ಟೆ ಪರೀಕ್ಷೆ ಪಾಸಾಗಿದೆ."

"ಬಟ್ಟೆ ಪಾಸು ಸಾರ್, ಹೊಲಿಗೆ ಫೇಲು. ನೀವು ಒಂದು ತುಂಡು ಬಟ್ಟೆನ ಲೋಟದ ಮೇಲಿಟ್ಟು ನೀರು ಸುರೀತೀರಿ. ನಾನು ಲೋಟ ಅಲ್ಲವಲ್ಲ. ನನಗೆ ಭುಜ ಇದೆ."

ಹೊರಗೆ ಕಿವಿಗೊಟ್ಟು ನಿಂತಿದ್ದ ಮೂರನೇ ಸಾಲಿನವರೆಲ್ಲ ಬಾಯಿ ಮುಚ್ಚಿಕೊಂಡು ನಕ್ಕರು. ಮ್ಯಾನೇಜರ್ ಕೆಟ್ಟವರಲ್ಲ, ಹೊಸದೇನನ್ನು ಕೇಳಿದರೂ ಮೊದಲು ಇಲ್ಲ ಎಂದು, ಎರಡು ದಿನ ನಿದ್ದೆಗೆಟ್ಟು, ಆಮೇಲೆ ಹೂಂ ಎನ್ನುವ ಜಾತಿ. ಆ ದಿನವೂ ಇಲ್ಲ ಎಂದೇ ಕಳಿಸಿದರು. ಆದರೆ ಅದೇ ವರ್ಷ ಹೊರದೇಶದ ಖರೀದಿದಾರರು, ಕೋಟನ್ನು ಮನುಷ್ಯರ ಮೈಮೇಲೆ ಹಾಕಿ ಮಳೆ ಸುರಿದು ಪರೀಕ್ಷಿಸಬೇಕು ಎಂದು ಪಟ್ಟು ಹಿಡಿದರು. ಕ್ಯಾಂಟೀನಿನ ಹಿಂದೆ ಸಿಮೆಂಟಿನದೊಂದು ಕೋಣೆ ಎದ್ದಿತು. ಅದರೊಳಗೆ ನಿಲ್ಲುವುದಕ್ಕೆ ಮಾತ್ರ ಯಾರೂ ಸಿಗಲಿಲ್ಲ. ಒಬ್ಬರಿಗೆ ಶೀತ, ಒಬ್ಬರಿಗೆ ಮಂಡಿನೋವು, ಒಬ್ಬಳಿಗೆ ಕೂದಲು ಉದುರುವ ಭಯ. ಕೊನೆಗೆ ಮ್ಯಾನೇಜರ್ ಅವರೇ ಹೇಳಿದರಂತೆ: "ಅವತ್ತು ನೆನೆದು ಬಂದು ನನ್ನ ಜೊತೆ ಜಗಳ ಆಡಿದಳಲ್ಲ, ಆ ಕುಳ್ಳಕ್ಕನ್ನ ಕರೀರಿ."

ಕರೆದರು. ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು. "ನೀರು ಬಿಸಿ ಇರುತ್ತಾ?"

"ಇರಲ್ಲ."

"ಹಾಗಾದ್ರೆ ಟೀ ಬಿಸಿ ಇರಲಿ. ಪ್ರತಿ ಸಲ ಹೊರಗೆ ಬಂದಾಗ ಒಂದು ಲೋಟ."

ಆ ಒಪ್ಪಂದ ಎಂದೂ ಮುರಿಯಲಿಲ್ಲ. ಅಂದಿನಿಂದ ಅವಳು ಮಳೆಕೋಣೆಯ ಅಕ್ಕ.

ಮಳೆಕೋಣೆ ಎಂದರೆ ಮೂರು ಆಳೆತ್ತರದ ಕೋಣೆ. ತಾರಸಿಯ ಕೆಳಗೆ ಜಾಲರಿಯಂತೆ ಹರಡಿದ ಪೈಪು, ಪೈಪಿನ ತುಂಬ ಹಿತ್ತಾಳೆಯ ಸಣ್ಣ ದೊಡ್ಡ ಮೂತಿಗಳು. ಎರಡು ಗೋಡೆಗೆ ಆಳುದ್ದದ ಫ್ಯಾನು. ನೆಲದ ಜಾಲಿಯಿಂದ ಇಳಿದ ನೀರು ಸೋಸಿಕೊಂಡು ಮತ್ತೆ ಟ್ಯಾಂಕಿಗೆ ಏರುತ್ತದೆ. ಹೊರಗೆ ಗಾಜಿನ ಕಿಟಕಿ. ಕಿಟಕಿಯ ಈಚೆ ಒಂಬತ್ತು ತಿರುಗಣೆಗಳ ಎದುರು ಸ್ಟೂಲ್ ಹಾಕಿಕೊಂಡು ಕೂತವರು ನಮ್ಮ ನಲ್ಲಿ ಮಾಮ. ಕಾರ್ಖಾನೆಯ ಹಳೇ ಮೆಕ್ಯಾನಿಕ್ಕು. ಮಾತು ಕಡಿಮೆ, ಕೆಮ್ಮು ಜಾಸ್ತಿ. ಅಕ್ಕ ಬೂದು ಬಣ್ಣದ ಹತ್ತಿಯ ನಿಲುವಂಗಿ ತೊಟ್ಟು, ಅದರ ಮೇಲೆ ಕೋಟು ಹಾಕಿ ಒಳಗೆ ನಿಲ್ಲಬೇಕು. ಬೂದು ಬಟ್ಟೆಯ ಮೇಲೆ ಸಾಸಿವೆಯಷ್ಟು ನೀರು ಬಿದ್ದರೂ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಹತ್ತು ನಿಮಿಷ ಮಳೆ, ಹೊರಗೆ ಬಂದು ಕೋಟು ಬಿಚ್ಚಿ ಚುಕ್ಕೆ ಹುಡುಕುವುದು, ಒದ್ದೆಯಾದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕುವುದು, ಟೀ ಕುಡಿಯುವುದು. ಮತ್ತೆ ಒಳಗೆ. ಗಂಡಸರ ದೊಡ್ಡ ಕೋಟಿನಿಂದ ಹಿಡಿದು ಹದಿಮೂರು ವರ್ಷದ ಮಕ್ಕಳ ಕೋಟಿನವರೆಗೆ ಎಲ್ಲವೂ ಅವಳಿಗೆ ಹೇಗೋ ಆಗುತ್ತಿದ್ದವು. ಕುಳ್ಳಗಿರುವುದರ ಲಾಭ ಇದೊಂದೇ ನೋಡು ಎನ್ನುತ್ತಿದ್ದಳು.

ಒಂಬತ್ತು ತಿರುಗಣೆಗೆ ಒಂಬತ್ತು ಮಳೆ. ಖರೀದಿದಾರರು ಕಳಿಸಿದ ಪಟ್ಟಿಯಲ್ಲಿ ಅವಕ್ಕೆ ಬರೀ ನಂಬರು, ಜೊತೆಗೆ ಗಂಟೆಗೆ ಇಷ್ಟು ಮಿಲಿಮೀಟರು ಎಂಬ ಲೆಕ್ಕ. ನಲ್ಲಿ ಮಾಮನಿಗೆ ಅಷ್ಟು ಸಾಕಿತ್ತು. ಅಕ್ಕನಿಗೆ ಸಾಲದು. ದಿನವಿಡೀ ತನ್ನ ತಲೆಯ ಮೇಲೆ ಬೀಳುವುದು ಯಾವ ಊರಿನ ಮಳೆ ಎಂದು ತಿಳಿಯದೆ ನೆನೆಯುವುದು ಹೇಗೆ? ಊಟದ ಹೊತ್ತಿಗೆ ಡಬ್ಬಿ ಹಿಡಿದು ನನ್ನ ಪ್ಯಾಕಿಂಗ್ ಮೇಜಿಗೆ ಬರುವಳು. ಪೆಟ್ಟಿಗೆಯ ಮೇಲೆ ಅಂಟಿಸುವ ವಿಳಾಸ ಇರುವುದು ನನ್ನ ಹತ್ತಿರ ತಾನೆ? ಇಬ್ಬರೂ ಸೇರಿ ಅದನ್ನು ಗೋಡೆಯ ಮೇಲಿನ ಜಗತ್ತಿನ ನಕ್ಷೆಯಲ್ಲಿ ಹುಡುಕುತ್ತಿದ್ದೆವು. ಶಾಲೆಯಲ್ಲಿ ಭೂಗೋಳ ಎಂದರೆ ನಿದ್ದೆ ಹೋಗುತ್ತಿದ್ದ ನಾನು ಭೂಗೋಳ ಕಲಿತದ್ದು ಹೀಗೆ, ಬಾಯಲ್ಲಿ ತುತ್ತು ಇಟ್ಟುಕೊಂಡು.

ನಮಗೆ ಮೊದಲು ಆಶ್ಚರ್ಯವಾದದ್ದು, ಜಗತ್ತಿನಲ್ಲಿ ಮಳೆಗೆ ರಜೆಯೇ ಇಲ್ಲ ಎನ್ನುವುದು. ನಮ್ಮಲ್ಲಿ ಬಿಸಿಲು ತಲೆ ಸುಡುವಾಗ, ಫ್ಯಾನಿನ ಕೆಳಗೂ ಬೆವರು ಸುರಿಯುವಾಗ, ನಾವು ರಾಶಿ ರಾಶಿ ಕೋಟು ಕಟ್ಟುತ್ತಿದ್ದೆವು. ಯಾಕೆಂದರೆ ಅವು ಹಡಗು ಹತ್ತಿ ಹೋಗಿ ಸೇರುವಷ್ಟರಲ್ಲಿ ಇನ್ನೆಲ್ಲೋ ಮೋಡ ಕಟ್ಟಿರುತ್ತದೆ. ಕೆಲವು ದೇಶಗಳಲ್ಲಿ ಬೇಸಿಗೆಯೆಲ್ಲ ಒಂದು ಹನಿಯೂ ಇಲ್ಲ, ಚಳಿಗಾಲದಲ್ಲೇ ಮಳೆ. ಅಲ್ಲಿಗೆ ಒಳಗೆ ಉಣ್ಣೆ ಹಚ್ಚಿದ ದಪ್ಪ ಕೋಟು. ಭೂಮಿಯ ನಡುಪಟ್ಟಿಯ ಊರುಗಳಲ್ಲಿ ವರ್ಷಪೂರ್ತಿ ಮಧ್ಯಾಹ್ನವಾದರೆ ಸಾಕು, ಆಕಾಶ ಹರಿದು ಬೀಳುವ ಹಾಗೆ ಒಂದು ಗಂಟೆ ಸುರಿದು, ಆಮೇಲೆ ಏನೂ ಆಗಿಲ್ಲವೆಂಬಂತೆ ಬಿಸಿಲು. ಅಲ್ಲಿಗೆ ತೆಳ್ಳಗಿನ, ಮಡಚಿದರೆ ಅಂಗೈಯಲ್ಲಿ ಹಿಡಿಯುವ ಕೋಟು. ಒಂದು ಕಡಲತೀರ ಇದೆಯಂತೆ, ಅಲ್ಲಿ ಮಳೆ ಎಂಬುದು ಬೀಳುವುದೇ ಇಲ್ಲ. ತಿಂಗಳುಗಟ್ಟಲೆ ಮಂಜು ಬಂದು ನಿಂತು ಮೈಯೆಲ್ಲ ತೇವ ಮಾಡಿ ಹೋಗುತ್ತದೆ. ಅದು ನಮ್ಮ ಒಂದನೇ ಮಳೆ. ಅದರೊಳಗೆ ನಿಂತರೆ ನೆನೆದದ್ದೇ ಗೊತ್ತಾಗುವುದಿಲ್ಲ, ಹೊರಗೆ ಬಂದಾಗ ರೆಪ್ಪೆಯಿಂದ ನೀರು ತೊಟ್ಟಿಕ್ಕುತ್ತದೆ. "ಇದು ಕಳ್ಳಮಳೆ ಕಣೇ" ಎಂದಳು ಅಕ್ಕ. ಅಂದಿನಿಂದ ನಲ್ಲಿ ಮಾಮನ ಪಟ್ಟಿಯಲ್ಲಿ ಒಂದನೇ ನಂಬರಿನ ಎದುರು ಪೆನ್ಸಿಲಿನಲ್ಲಿ "ಕಳ್ಳ" ಎಂದು ಬರೆದದ್ದು ಇವತ್ತಿಗೂ ಇದೆ.

ಹೀಗೆ ಒಂದೊಂದಕ್ಕೂ ಹೆಸರಾಯಿತು. ಎರಡನೆಯದು ಸೋನೆ. ಮೂರು, ನಾಲ್ಕು ಜಡಿಮಳೆಗಳು, ದಿನಗಟ್ಟಲೆ ಬೇಸರವಿಲ್ಲದೆ ಸುರಿಯುವಂಥವು. ಇವು ಅಕ್ಕನಿಗೆ ಪ್ರೀತಿ, ಒಳಗೆ ನಿಂತುಕೊಂಡೇ ಮನೆಗೆ ತರಬೇಕಾದ ಸಾಮಾನಿನ ಪಟ್ಟಿ ನೆನಪು ಮಾಡಿಕೊಳ್ಳುತ್ತಿದ್ದಳು. ಐದನೆಯದಕ್ಕೆ ಹೆಸರು ಅತ್ತೆ, ಯಾಕೆಂದರೆ ಬಿಟ್ಟಿತು ಎನ್ನುವಾಗ ಮತ್ತೆ ಶುರುವಾಗುತ್ತದೆ. ಆರು, ಮಧ್ಯಾಹ್ನದ ಬಿರುಮಳೆ; ಹನಿಗಳು ನೆಲ್ಲಿಕಾಯಿ ಗಾತ್ರ, ಕೋಟಿನ ಟೋಪಿಯ ಮೇಲೆ ಬಿದ್ದರೆ ಒಳಗೆ ತಮಟೆ ಬಾರಿಸಿದ ಹಾಗೆ. ಏಳನೆಯದು ಎರಚಲು, ಫ್ಯಾನು ಹಾಕಿ ಪಕ್ಕದಿಂದ ಹೊಡೆಯುವುದು, ಯಾವುದೋ ಉತ್ತರದ ಸಮುದ್ರದಂಚಿನ ಮಳೆ. ಎಂಟು ಮತ್ತು ಒಂಬತ್ತು ಚಂಡಮಾರುತದವು. ಅವನ್ನು ತಿರುಗಿಸುವಾಗ ಮಾತ್ರ ನಲ್ಲಿ ಮಾಮ ಕಿಟಕಿ ಬಡಿದು ಕೇಳುತ್ತಿದ್ದರು: "ಹಿಡ್ಕೊಂಡ್ಯಾ?" ಅವಳು ಗೋಡೆಯ ಸರಳು ಹಿಡಿದು ತಲೆಯಾಡಿಸಿದ ಮೇಲೆಯೇ ನೀರು.

ಐದನೇ ಮಳೆಯ ಹೆಸರು ಆ ಹೆಸರಿನ ನಿಜವಾದ ಯಜಮಾನತಿಗೆ ಗೊತ್ತಾಗಬಾರದಿತ್ತು. ಆದರೆ ನಲ್ಲಿ ಮಾಮನೇ ಒಂದು ದಿನ ಬಸ್ಸಿನಲ್ಲಿ ಅಕ್ಕನ ಗಂಡನಿಗೆ ಸಿಕ್ಕು ಬಾಯಿಬಿಟ್ಟರು, ಸುದ್ದಿ ಮನೆಗೂ ತಲುಪಿತು. ಅಕ್ಕನ ಗಂಡ ಸಿಟಿ ಬಸ್ಸಿನ ಡ್ರೈವರು, ನನಗೆ ಬಾಯಿಮಾತಿಗೆ ಭಾವ. ಆ ಮನೆಯಲ್ಲಿ ಗಂಡ, ಹೆಂಡತಿ, ಅತ್ತೆ, ಒಬ್ಬ ಮಗಳು. ಎರಡು ಕೋಣೆ, ಹಿಂದೆ ಬಟ್ಟೆ ಒಣಗಿಸುವ ಒಂದು ಗಲ್ಲಿ. ಸೊಸೆ ಸಂಜೆ ಮನೆಗೆ ಬಂದ ಕೂಡಲೇ ಅತ್ತೆ ಅವಳ ಜಡೆ ಹಿಡಿದು ಹಿಂಡಿ ನೋಡುತ್ತಿದ್ದರು. "ಇವತ್ತೂ ನೆನೆಸಿದ್ರಾ? ಊರಲ್ಲಿ ಬಿಸಿಲು, ನಮ್ಮನೆ ಸೊಸೆ ಮಾತ್ರ ಒದ್ದೆ. ಅಕ್ಕಪಕ್ಕದವರಿಗೆ ಏನು ಹೇಳಲಿ ನಾನು?" ಎಂದು ಬೈಯುತ್ತಲೇ ಕೂದಲಿಗೆ ಹೊಗೆ ಹಾಕಿ, ಸಿಕ್ಕು ಬಿಡಿಸಿ, ಬಿಗಿಯಾಗಿ ಜಡೆ ಹಾಕುವರು. ಆ ದಿನ ಐದನೇ ಮಳೆಯ ವಿಷಯ ಕೇಳಿದಾಗ ಮನೆಯಲ್ಲಿ ಗುಡುಗು ಎಂದು ಅಕ್ಕ ಎಣಿಸಿದ್ದಳು. ಅತ್ತೆ ಕೇಳಿದ್ದು ಇಷ್ಟೇ: "ಅದು ಜೋರು ಮಳೆ ತಾನೇ?"

"ಜೋರೇ ಅತ್ತೆ."

"ಹೂಂ. ಹಾಗಿದ್ರೆ ಸರಿ."

ಹನ್ನೊಂದು ವರ್ಷ ಹೀಗೆ ಸುಖವಾಗಿ ನೆನೆದಳು. ಆಮೇಲೆ ಆ ಕಾಗದ ಬಂತು.

ಉತ್ತರದ ಸಮುದ್ರದಂಚಿನ ಆ ಎರಚಲು ಮಳೆಯ ದೇಶಕ್ಕೆ ನಾವು ಶಾಲಾಮಕ್ಕಳ ಹಳದಿ ಕೋಟು ಕಳಿಸಿದ್ದೆವು. ನಾನೇ ಕಟ್ಟಿದ ಪೆಟ್ಟಿಗೆಗಳು. ಎರಡು ತಿಂಗಳಿಗೆ ಖರೀದಿದಾರಳ ಕಾಗದ: ಮಕ್ಕಳು ಶಾಲೆ ತಲುಪುವಷ್ಟರಲ್ಲಿ ಒದ್ದೆ, ತೋಳು ಮೊಣಕೈವರೆಗೆ ಒದ್ದೆ, ತೊಡೆ ಒದ್ದೆ, ಕುತ್ತಿಗೆ ಒದ್ದೆ, ತಾಯಂದಿರು ಅಂಗಡಿಗೆ ಬಂದು ಕೂಗಾಡುತ್ತಿದ್ದಾರೆ, ನಾನೇ ನಿಮ್ಮಲ್ಲಿಗೆ ಬರುತ್ತೇನೆ. ಮ್ಯಾನೇಜರ್ ಅದನ್ನು ಹಿಡಿದುಕೊಂಡು ಮಳೆಕೋಣೆಗೆ ಓಡಿ ಬಂದರು. ಅದೇ ಹಳದಿ ಕೋಟನ್ನು ಅಕ್ಕನಿಗೆ ತೊಡಿಸಿ ಏಳನೇ ಮಳೆ ಬಿಡಿಸಿದರು. ಹತ್ತು ನಿಮಿಷ. ಅಕ್ಕ ಹೊರಗೆ ಬಂದು ಕೋಟು ಬಿಚ್ಚಿದಳು. ಬೂದು ಅಂಗಿಯಲ್ಲಿ ಒಂದು ಚುಕ್ಕೆ ಇಲ್ಲ. ಇಪ್ಪತ್ತು ನಿಮಿಷ ಬಿಟ್ಟರು. ಚುಕ್ಕೆ ಇಲ್ಲ. ಬೇರೆ ಕೋಟು, ಬೇರೆ ಅಳತೆ, ಊಹೂಂ.

"ಸುಳ್ಳು!" ಎಂದರು ಮ್ಯಾನೇಜರ್. ಮುಖದಲ್ಲಿ ಬೆಳಗಿನಿಂದ ಮೊದಲ ಸಲ ರಕ್ತ ಬಂದಿತ್ತು. "ಮಕ್ಕಳು ಕೋಟು ಬಿಚ್ಚಿ ಆಡಿರ್ತಾರೆ, ತಾಯಂದಿರು ನಮ್ಮ ಮೇಲೆ ಹಾಕ್ತಾರೆ. ಆಕೆ ಬರಲಿ, ಕಣ್ಣೆದುರಿಗೇ ತೋರಿಸೋಣ."

ಅಕ್ಕ ಆ ಹಳದಿ ಕೋಟನ್ನು ಮತ್ತೊಮ್ಮೆ ಒಳಹೊರಗು ಮಾಡಿ ನೋಡಿದಳು. ಸಂಜೆ ನನ್ನ ಜೊತೆ ಬಸ್ ಸ್ಟಾಪಿಗೆ ನಡೆಯುವಾಗ ಕೇಳಿದಳು. "ಅಷ್ಟು ಜನ ತಾಯಂದಿರು ಒಟ್ಟಿಗೆ ಯಾಕೆ ಸುಳ್ಳು ಹೇಳ್ತಾರೆ? ಒಬ್ಬಳು ಹೇಳಬಹುದು, ಇಬ್ಬರು ಹೇಳಬಹುದು."

ಆ ದಿನ ನಾವು ಹತ್ತಿದ್ದು ಭಾವನ ಬಸ್ಸು. ಹತ್ತಿದೊಡನೆ ಮಳೆ ಶುರುವಾಯಿತು. ಅಕ್ಕ ಡ್ರೈವರ್ ಸೀಟಿನ ಹಿಂದಿನ ಕಂಬಿ ಹಿಡಿದು ನಿಂತು ಗಂಡನಿಗೆ ಕೋಟಿನ ಕತೆ ಹೇಳುತ್ತಿದ್ದಳು. ಮುಂದೆ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಿತು. ವೈಪರ್ ಕೂಡ ನಿಧಾನವಾಗಿ ಆಡುತ್ತಿತ್ತು. ದಾರಿ ಬಿಟ್ಟಿತು, ಭಾವ ಗೇರು ಹಾಕಿ ವೇಗ ಹೆಚ್ಚಿಸಿದ್ದೇ ತಡ, ಗಾಜಿಗೆ ಪಟಪಟನೆ ಎದುರಿನಿಂದ ಹನಿ ಬಡಿಯತೊಡಗಿತು. ಭಾವ ವೈಪರನ್ನು ಜೋರು ಮಾಡಿದರು.

"ಮಳೆ ಹೆಚ್ಚಾಯ್ತಾ?" ಎಂದಳು ಅಕ್ಕ.

"ಮಳೆ ಅಷ್ಟೇ ಇದೆ ಮಾರಾಯ್ತಿ. ನಾವು ಅದರ ಮುಖಕ್ಕೆ ಹೋಗ್ತಾ ಇದೀವಿ. ನಿಂತವರಿಗೆ ಮೇಲಿಂದ ಬರುತ್ತೆ, ಓಡೋವರಿಗೆ ಎದುರಿಂದ ಬರುತ್ತೆ. ಇಪ್ಪತ್ತು ವರ್ಷದಿಂದ ನೋಡ್ತಾ ಇದೀನಿ, ಇದರಲ್ಲೇನಿದೆ?"

ಅಕ್ಕ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಮರುದಿನವೂ ಗುರುತು ಇತ್ತು. "ಹನ್ನೊಂದು ವರ್ಷ ಕಂಬದ ಹಾಗೆ ನಿಂತಿದೀನಲ್ಲೇ ನಾನು! ಮಳೇಲಿ ಯಾರು ಹಾಗೆ ನಿಲ್ತಾರೆ?"

ಮರುದಿನ ಬೆಳಗ್ಗೆ ಮ್ಯಾನೇಜರ್ ಹತ್ತಿರ ಹೋಗಿ, ಆ ಊರಿನ ಮಕ್ಕಳು ಶಾಲೆಗೆ ಹೇಗೆ ಹೋಗುತ್ತಾರೆಂದು ವಿಚಾರಿಸಿ ಎಂದಳು. ಮ್ಯಾನೇಜರ್ ಅಭ್ಯಾಸದಂತೆ ಇಲ್ಲ ಎಂದರು. ಆದರೆ ಕಾಗದ ಬಂದಾಗಿನಿಂದ ನಿದ್ದೆ ಹೋಗಿತ್ತಾದ್ದರಿಂದ ಈ ಸಲ ಎರಡು ದಿನ ಬೇಕಾಗಲಿಲ್ಲ, ಮಧ್ಯಾಹ್ನವೇ ಬರೆದು ಕೇಳಿದರು. ಉತ್ತರ ಒಂದು ಸಾಲು: ಸೈಕಲ್ ಮೇಲೆ, ಅರ್ಧ ಗಂಟೆ, ಎದುರುಗಾಳಿಯಲ್ಲಿ.

ನಲ್ಲಿ ಮಾಮನಿಗೊಂದು ಹಳೇ ಸೈಕಲ್ಲಿತ್ತು. ಅದನ್ನು ಮಳೆಕೋಣೆಯ ನಡುವೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಹಿಂದಿನ ಚಕ್ರ ನೆಲಕ್ಕೆ ತಾಗದಂತೆ ಎತ್ತರಿಸಿ, ಫ್ಯಾನನ್ನು ಪಕ್ಕದ ಗೋಡೆಯಿಂದ ಕಿತ್ತು ಹ್ಯಾಂಡಲ್ಲಿನ ಎದುರಿಗಿಟ್ಟರು. ಸುದ್ದಿ ಹೇಗೆ ಹಬ್ಬಿತೋ, ಗಾಜಿನ ಕಿಟಕಿಯಾಚೆ ಅರ್ಧ ಕಾರ್ಖಾನೆ ಮೂಗು ಒತ್ತಿ ನಿಂತಿತ್ತು. ಹಳದಿ ಕೋಟು ತೊಟ್ಟು, ಟೋಪಿಯ ದಾರ ಬಿಗಿದು, ಅಕ್ಕ ಸೈಕಲ್ ಏರಿದಳು. ಹುಡುಗಿಯಾಗಿದ್ದಾಗ ತುಳಿದದ್ದು ಬಿಟ್ಟರೆ ಅಭ್ಯಾಸವಿಲ್ಲ. ಏಳನೇ ಮಳೆ ಬಂತು. ತುಳಿಯಲು ಶುರು ಮಾಡಿದಳು.

ಮೊದಲ ನಿಮಿಷದಲ್ಲೇ ಕೈ ಚಾಚಿ ಹ್ಯಾಂಡಲ್ ಹಿಡಿದದ್ದರಿಂದ ತೋಳು ಒಂದು ಗೇಣು ಮೇಲೆ ಸರಿಯಿತು. ಬರಿ ಮಣಿಕಟ್ಟಿಗೆ ಬಿದ್ದ ನೀರು ಸೀದಾ ಮೊಣಕೈಗೆ ಹರಿಯಿತು. ಪಕ್ಕಕ್ಕೆ ನೋಡೋಣ ಎಂದು ತಲೆ ತಿರುಗಿಸಿದರೆ ತಲೆ ತಿರುಗಿತು, ಟೋಪಿ ತಿರುಗಲಿಲ್ಲ. ಒಂದು ಕಣ್ಣಿಗೆ ಕೋಟಿನ ಒಳಬಟ್ಟೆ ಮಾತ್ರ ಕಾಣುತ್ತಿತ್ತು. ಮಂಡಿ ಏಳುತ್ತ ಇಳಿಯುತ್ತ ಕೋಟಿನ ಮುಂಭಾಗ ಬಾಯಿ ಬಿಟ್ಟು, ತೊಡೆಯ ಮೇಲೆ ಪುಟ್ಟ ಕೆರೆಯೇ ನಿಂತಿತು. ಐದನೇ ನಿಮಿಷಕ್ಕೆ ಗಾಳಿ ಟೋಪಿಯನ್ನು ಹಿಂದಕ್ಕೆ ಕಿತ್ತೆಸೆಯಿತು. ಅಕ್ಕ ತೊಯ್ದು ತೊಪ್ಪೆಯಾದಳು. ಒಳಗೆ ಅವಳು ಏನೋ ಕೂಗುತ್ತಿದ್ದಳು. ಗಾಜಿನಾಚೆಗೆ ಕೇಳಿಸದೆ ನಮಗೆಲ್ಲ ಗಾಬರಿ. ನಲ್ಲಿ ಮಾಮ ನೀರು ನಿಲ್ಲಿಸಿ ಬಾಗಿಲು ತೆಗೆದರೆ, ಆಕೆ ಹ್ಯಾಂಡಲ್ ಮೇಲೆ ಬಿದ್ದು ಬಿದ್ದು ನಗುತ್ತಿದ್ದಳು.

"ಸೋರುತ್ತೆ ಸಾರ್! ಎಲ್ಲಾ ಕಡೆ ಸೋರುತ್ತೆ! ಪಾಪದ ಮಕ್ಕಳು!"

ಮ್ಯಾನೇಜರ್ ಹರಳೆಣ್ಣೆ ಕುಡಿದ ಮುಖ ಮಾಡಿದರು. "ಪರೀಕ್ಷೆಯ ನಿಯಮದಲ್ಲಿ ಸೈಕಲ್ ಎಲ್ಲೂ ಬರೆದಿಲ್ಲಮ್ಮ. ಆಕೆ ಬಂದಾಗ ನೀನು ನಿಂತು ತೋರಿಸು, ಸಾಕು. ನಿಯಮದ ಪ್ರಕಾರ ನಮ್ಮದು ಪಾಸು."

"ನಿಯಮಕ್ಕೆ ನಾವು ಕೋಟು ಹೊಲಿದಿಲ್ಲವಲ್ಲ ಸಾರ್" ಎಂದು ಅಕ್ಕ ಸೀಮೆಸುಣ್ಣ ಕೈಗೆತ್ತಿಕೊಂಡಳು. ಬೂದು ಅಂಗಿಯಲ್ಲಿ ಗುರುತು ಹಾಕಲು ಒಣಗಿದ ಜಾಗವೇ ಇರಲಿಲ್ಲ.

ಖರೀದಿದಾರಳು ಬಂದಳು. ಆರಡಿ ಎತ್ತರ, ಬಿಳಿಯ ಕೂದಲು, ಕಾಲಲ್ಲಿ ಗಂಡಸರ ಬೂಟು. ಬಂದವಳೇ ಕುರ್ಚಿಯನ್ನೂ ಬೇಡವೆಂದು ಮಳೆಕೋಣೆಗೇ ನಡೆದಳು. ಮ್ಯಾನೇಜರ್ ದುಭಾಷಿ. ನಿಯಮದ ಪ್ರಕಾರ ಅಕ್ಕ ಹತ್ತು ನಿಮಿಷ ನಿಂತು ತೋರಿಸಿದಳು. ಒಣ ಅಂಗಿ ನೋಡಿ ಆ ಹೆಂಗಸಿನ ಹುಬ್ಬು ಗಂಟಾಯಿತು. ಮ್ಯಾನೇಜರ್ ಉಸಿರು ಬಿಟ್ಟರು. ಆಗ ಅಕ್ಕ ಕೋಣೆಯ ಮೂಲೆಯಲ್ಲಿ ಚೀಲ ಹೊದಿಸಿ ಇಟ್ಟಿದ್ದ ಸೈಕಲ್ಲನ್ನು ತಳ್ಳಿಕೊಂಡು ಬಂದಳು.

"ಸಾರ್, ಇವರಿಗೆ ಹೇಳಿ. ನಿಂತರೆ ಸೋರಲ್ಲ, ತುಳಿದರೆ ಸೋರುತ್ತೆ. ತಪ್ಪು ನಮ್ಮದೇ, ಮಕ್ಕಳದ್ದಲ್ಲ ಅಂತ ಹೇಳಿ."

ಮ್ಯಾನೇಜರ್ ತುಂಬ ಉದ್ದದ್ದೇನೋ ಹೇಳಿದರು. ತಪ್ಪು ಎಂಬ ಮಾತು ಅಷ್ಟು ಉದ್ದವಿರಲು ಯಾವ ಭಾಷೆಯಲ್ಲೂ ಸಾಧ್ಯವಿಲ್ಲ ಎಂದು ಅಕ್ಕನಿಗೂ ಹೊಳೆಯಿತು. ಅವಳು ಮಾತು ಬಿಟ್ಟು ತೋಳೆತ್ತಿ ತೋರಿಸಿದಳು, ಟೋಪಿ ತಿರುಗಿಸಿ ಒಂದು ಕಣ್ಣು ಮುಚ್ಚಿ ತೋರಿಸಿದಳು, ಮೊನ್ನೆಯ ಬೂದು ಅಂಗಿಯನ್ನು ಬಿಡಿಸಿ ಹರಡಿ, ಒದ್ದೆಯಾಗಿದ್ದಲ್ಲೆಲ್ಲ ಬೆರಳಿಟ್ಟು ತೋರಿಸಿದಳು. ಆ ಹೆಂಗಸು ನೋಡಿದಳು. ಬೂಟು ಬಿಚ್ಚಿ ಪಕ್ಕಕ್ಕಿಟ್ಟಳು. ಗಂಡಸರ ಅಳತೆಯ ಕೋಟೊಂದನ್ನು ಎಳೆದುಕೊಂಡು ತಾನೇ ಸೈಕಲ್ ಏರಿ, ನಲ್ಲಿ ಮಾಮನಿಗೆ ಏಳು ಬೆರಳು ತೋರಿಸಿದಳು.

ಹತ್ತು ನಿಮಿಷ ತುಳಿದಳು. ಇಳಿದಾಗ ಮೂಗಿನ ತುದಿಯಿಂದ ನೀರು ಸುರಿಯುತ್ತಿತ್ತು. ಅಕ್ಕ ತನ್ನ ಪಾಲಿನ ಟೀ ಲೋಟ ಅವಳ ಕೈಗಿಟ್ಟಳು. ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಒಬ್ಬಳ ಮಾತು ಇನ್ನೊಬ್ಬಳಿಗೆ ತಿಳಿಯದು. ಕತ್ತರಿ, ಪಿನ್ನು, ಸೀಮೆಸುಣ್ಣ ಇಟ್ಟುಕೊಂಡು ಆ ಹಳದಿ ಕೋಟನ್ನು ಸಂಜೆಯೊಳಗೆ ಬಿಚ್ಚಿ ಹೊಸದಾಗಿ ಕಟ್ಟಿದರು. ತೋಳು ಒಂದು ಗೇಣು ಉದ್ದ, ಒಳಗೆ ಹೆಬ್ಬೆರಳು ಸಿಕ್ಕಿಸುವ ಕುಣಿಕೆ. ಟೋಪಿಯ ಎರಡೂ ಬದಿಗೆ ಆಚೆ ಕಾಣುವ ಪ್ಲಾಸ್ಟಿಕ್ಕು. ಮುಂದೆ ಹ್ಯಾಂಡಲ್ಲಿಗೆ ಕೊಕ್ಕೆ ಹಾಕಿದರೆ ತೊಡೆ ಮುಚ್ಚುವ ಅಗಲದ ಮಡಿಕೆ. ಮ್ಯಾನೇಜರ್ ಮೂರು ಸಲ ಬಂದು ಇಣುಕಿದರು. ಮೂರನೇ ಸಲ ಅವರೇ ಪಿನ್ನಿನ ಡಬ್ಬಿ ಹಿಡಿದು ನಿಂತರು.

ಹಳೆಯ ಕೋಟುಗಳೆಲ್ಲ ತಿದ್ದುವುದಕ್ಕಾಗಿ ವಾಪಸ್ ಬಂದವು. ಪೆಟ್ಟಿಗೆ ಕಟ್ಟಿ ಅಭ್ಯಾಸವಿದ್ದ ನಾನು ಆ ತಿಂಗಳೆಲ್ಲ ಪೆಟ್ಟಿಗೆ ಬಿಚ್ಚಿದೆ. ಜೇಬುಗಳಲ್ಲಿ ಏನೆಲ್ಲ! ಪೆಪ್ಪರಮಿಂಟಿನ ಕಾಗದ, ಶಂಖದ ಚೂರು, ಹಕ್ಕಿಯ ಗರಿ, ಅರ್ಧ ಪೆನ್ಸಿಲು. ಅಕ್ಕನ ಮಾತಿನಂತೆ ಒಂದೊಂದನ್ನೂ ಲಕೋಟೆಯಲ್ಲಿಟ್ಟು ಅದೇ ಜೇಬಿಗೆ ಮರಳಿ ಹಾಕಿ ಕಳಿಸಿದೆವು. ಮಕ್ಕಳ ಆಸ್ತಿ ನಮಗ್ಯಾಕೆ?

ಮುಂದಿನ ವರ್ಷ ಆ ಹೆಂಗಸು ಅಕ್ಕನನ್ನು ತನ್ನೂರಿಗೆ ಕರೆಸಿಕೊಂಡಳು. ಇಷ್ಟು ವರ್ಷ ನೀನು ನೆನೆದದ್ದು ನಕಲಿ ಮಳೆಯಲ್ಲಿ, ಒಮ್ಮೆ ಅಸಲಿಯಲ್ಲಿ ನೆನೆ ಬಾ ಎಂದು ಬರೆದಿದ್ದಳು. ಜೊತೆಗೆ ಮ್ಯಾನೇಜರ್. ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅತ್ತೆ ಎರಡು ದಪ್ಪ ಟವೆಲ್ ಕಟ್ಟಿಕೊಟ್ಟರು. "ಅಲ್ಲಿ ಕೂದಲು ಒಣಗಿಸೋರು ಯಾರಿದಾರೆ?" ಎಂದು ಮುಖ ಊದಿಸಿಕೊಂಡೇ ಕಳಿಸಿದರು.

ಅಲ್ಲಿ ನಡೆದದ್ದನ್ನು ಅಕ್ಕ ನಮಗೆ ವಾರಗಟ್ಟಲೆ ಊಟದ ಹೊತ್ತಿಗೆ ಹೇಳಿದಳು. ವಿಮಾನ ಇಳಿದಾಗ ಬಿಸಿಲು. ಸರಿ, ನಾಳೆ ಬರುತ್ತದೆ ಎಂದರು. ನಾಳೆಯೂ ಬಿಸಿಲು. ಮೂರನೇ ದಿನ ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ. ಆ ಊರಿನ ಜನ ಹುಚ್ಚು ಹಿಡಿದವರಂತೆ ಬೀದಿಗೆ ಬಂದು ಕುರ್ಚಿ ಹಾಕಿಕೊಂಡು ಕೂತು, ಅಂಗಡಿಯವರು ಗಿರಾಕಿಗಳಿಗೆ ಕೈಕುಲುಕಿ, ಇಂಥ ವಾರ ನಮ್ಮ ಕಾಲದಲ್ಲಿ ಕಂಡಿಲ್ಲ ಎಂದು ಹಿಗ್ಗುತ್ತಿದ್ದರೆ, ಅವರ ನಡುವೆ ಹಳದಿ ಕೋಟನ್ನು ಕೈಯಲ್ಲಿ ಹಿಡಿದು ಮುಖ ಸಪ್ಪಗೆ ಮಾಡಿಕೊಂಡು ನಡೆಯುತ್ತಿದ್ದವಳು ಇವಳೊಬ್ಬಳೇ. ಮನೆಗೆ ಕರೆದು ಉಣ್ಣಿಸಲಾಗದೆ ಹೋದವಳಂತೆ ಆ ಆರಡಿಯ ಹೆಂಗಸು ದಿನಕ್ಕೆ ಹತ್ತು ಸಲ ಕ್ಷಮೆ ಕೇಳಿದಳಂತೆ. ಮ್ಯಾನೇಜರ್ ಮಾತ್ರ ಮೂಗು ಕೆಂಪಾಗುವಷ್ಟು ಬಿಸಿಲು ಕಾಯಿಸಿಕೊಂಡರು.

ಐದನೇ ದಿನ ಬೇರೇನೂ ತೋರಿಸಲು ಉಳಿಯದೆ ಆಕೆ ಇವಳನ್ನು ಒಂದು ಶಾಲೆಗೆ ಕರೆದೊಯ್ದಳು. ಮಕ್ಕಳು ಹೊರಗೆ ಆಡುತ್ತಿದ್ದರು. ಬಾಗಿಲ ಪಕ್ಕದ ಉದ್ದ ಕೋಣೆಯಲ್ಲಿ ಗೋಡೆಗೆ ಸಾಲಾಗಿ ಗೂಟ, ಒಂದೊಂದು ಗೂಟಕ್ಕೂ ನಾವು ತಿದ್ದಿ ಕಳಿಸಿದ ಒಂದೊಂದು ಹಳದಿ ಕೋಟು. ಅಕ್ಕ ಕೈಚೀಲ ಕೆಳಗಿಟ್ಟು ಮೊದಲ ಗೂಟದಿಂದ ಶುರು ಮಾಡಿದಳು. ತೋಳಿನ ಕುಣಿಕೆ ಗಟ್ಟಿ ಇದೆ. ಪ್ಲಾಸ್ಟಿಕ್ಕು ಬಿರಿದಿಲ್ಲ. ಹೊಲಿಗೆ ಸರಿಯಿದೆ. ಆದರೆ ಕೊರಳ ಹಿಂದೆ ಕೋಟು ತೂಗುಹಾಕುವ ಪುಟ್ಟ ಪಟ್ಟಿ ಇರುತ್ತದಲ್ಲ, ಅದು ಹರಿದಿದೆ. ಎರಡನೆಯದರಲ್ಲೂ ಹರಿದಿದೆ. ಮೂರನೆಯದಕ್ಕೆ ಯಾರೋ ತಾಯಿ ಕೆಂಪು ದಾರದಿಂದ ಹೊಲಿದಿದ್ದಾಳೆ. ಐವತ್ತೆರಡು ಕೋಟಿನಲ್ಲಿ ನಲವತ್ತಕ್ಕೆ ಪಟ್ಟಿ ಇಲ್ಲ. ಮಕ್ಕಳು ಟೋಪಿಯನ್ನೇ ಗೂಟಕ್ಕೆ ಸಿಕ್ಕಿಸಿ ಹೋಗಿದ್ದಾರೆ, ಟೋಪಿಯ ಹೊಲಿಗೆ ಆ ಭಾರಕ್ಕೆ ಜಗ್ಗಲು ಶುರುವಾಗಿದೆ.

ಆಟದ ಗಂಟೆ ಮುಗಿದು ಮಕ್ಕಳು ಒಳಗೆ ನುಗ್ಗಿದಾಗ, ಪರದೇಶದ ಕುಳ್ಳ ಹೆಂಗಸೊಬ್ಬಳು ತಮ್ಮ ಕೋಟುಗಳ ಕತ್ತು ಹಿಡಿದು ತನ್ನ ಭಾಷೆಯಲ್ಲಿ ಬೈಯುತ್ತಿರುವುದನ್ನು ಕಂಡರು. ಒಬ್ಬ ಪುಟ್ಟ ಹುಡುಗಿ ಹತ್ತಿರ ಬಂದು ತನ್ನ ಕೋಟನ್ನು ಗೂಟದಿಂದ ಹೇಗೆ ತೆಗೆಯುತ್ತಾಳೆಂದು ತೋರಿಸಿದಳು: ಎರಡೂ ಕೈಯಿಂದ ಹಿಡಿದು, ಕಾಲು ನೆಲ ಬಿಡುವ ಹಾಗೆ ಜೋತುಬಿದ್ದು, ಚರ್ರ್.

"ನೋಡಿದ್ರಾ ಸಾರ್?" ಎಂದಳಂತೆ ಅಕ್ಕ ಮ್ಯಾನೇಜರಿಗೆ. "ಬರಕೊಳ್ಳಿ. ಪಟ್ಟಿ ಎರಡು ಪದರ, ಎರಡೂ ತುದಿಗೆ ಅಡ್ಡಹೊಲಿಗೆ."

ಮ್ಯಾನೇಜರ್ ಇಲ್ಲ ಎನ್ನಲಿಲ್ಲ. ಜೇಬು ತಡಕಿ ಪೆನ್ನು ತೆಗೆದರು. ಆ ಚಳಿಗಾಲದ ಕೋಟುಗಳಿಗೆಲ್ಲ ಎರಡು ಪದರದ ಪಟ್ಟಿಯೇ ಹೋಯಿತು. ಹಿಡಿದು ಜೋತುಬಿದ್ದು ನಾನೇ ಪರೀಕ್ಷೆ ಮಾಡಿದ್ದೇನೆ, ಹರಿಯುವುದಿಲ್ಲ.